ಬಿಲದ ಗುಣ, ಕಡಲ ಗಾಳಿ: ಚೆನ್ನೈಯ ಮನೆಗಳಲ್ಲಿ ಸಾಕುಮೊಲಕ್ಕೆ ಗೂಡು ಕಟ್ಟುವ ಕ್ರಮ

ಸಾಕುಮೊಲದ ಗೂಡು ಹೇಗಿರಬೇಕೆಂಬುದನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ: ಒಂದು ಆ ಪ್ರಾಣಿಯ ದೇಹಸ್ವಭಾವ, ಇನ್ನೊಂದು ಅದು ಬದುಕಬೇಕಾದ ಊರಿನ ಹವೆ. ಮೊಲದ ಗೂಡಿನ ಬಗೆಗೆ ಪ್ರಚಲಿತವಾಗಿರುವ ಮಾದರಿಗಳಲ್ಲಿ ಹೆಚ್ಚಿನವು ಯುರೋಪಿನ ಚಳಿಯ ನಾಡುಗಳಲ್ಲಿ ರೂಪುಗೊಂಡಿರುವುದರಿಂದ, ಮೂರು ಪಕ್ಕಗಳಲ್ಲಿ ಹಲಗೆ ಹೊಡೆದು, ಮುಂಭಾಗದಲ್ಲಿ ಮಾತ್ರ ಕಿರಿದಾದ ಜಾಲರಿಯಿಟ್ಟ ಪೆಟ್ಟಿಗೆಯೇ ಆದರ್ಶ ಗೂಡು ಎಂಬ ಭಾವನೆ ಬೆಳೆದಿದೆ. ಚಳಿ ತಡೆಯಲೆಂದು ಹುಟ್ಟಿದ ಅದೇ ಪೆಟ್ಟಿಗೆಯನ್ನು ಚೆನ್ನೈಯ ತಾರಸಿಯ ಮೇಲೆ ಇಟ್ಟರೆ ಅದು ಮೇ ತಿಂಗಳಲ್ಲಿ ಒಲೆಯಾಗುತ್ತದೆ. ಈ ನಗರದಲ್ಲಿ ಗೂಡು ಕಟ್ಟುವವರು ನೆರಳು ಮತ್ತು ಗಾಳಿಯನ್ನು ಮೊದಲು ಯೋಜಿಸಿ, ಮರ ಮತ್ತು ಜಾಲರಿಯನ್ನು ಆಮೇಲೆ ಕೊಳ್ಳುವುದು ಸರಿಯಾದ ಕ್ರಮ.

ಪ್ರಾಣಿಯ ದೇಹ ಕೇಳುವುದೇನು

ಲೋಕದ ಎಲ್ಲ ಸಾಕುಮೊಲಗಳೂ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳನ್ನೊಳಗೊಂಡ ಐಬೀರಿಯಾ ಪರ್ಯಾಯ ದ್ವೀಪ ಮತ್ತು ಅದರ ನೆರೆಯ ನೆಲಗಳ ಕಾಡುಮೊಲದ ಸಂತತಿಗೆ ಸೇರಿದವು. ನೆಲದಲ್ಲಿ ಬಿಲ ತೋಡಿ ಗುಂಪಾಗಿ ಬಾಳುವುದು ಆ ಮೊಲದ ಸ್ವಭಾವ. ಭಾರತದ ಹೊಲ ಮತ್ತು ಕುರುಚಲು ಕಾಡುಗಳಲ್ಲಿ, ಚೆನ್ನೈಯ ನಡುವೆಯೇ ಇರುವ ಗಿಂಡಿ ರಾಷ್ಟ್ರೀಯ ಉದ್ಯಾನದಲ್ಲಿಯೂ ಇರುವ ಕಪ್ಪು ಕತ್ತಿನ ಮೊಲವನ್ನು ಕನ್ನಡದಲ್ಲಿ ಮೊಲವೆಂದೇ ಕರೆದರೂ ಅದು ಬೇರೆಯೇ ಜಾತಿ. ಅದು ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಮಲಗುತ್ತದೆ, ಮತ್ತು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಗೆ ಒಳಪಟ್ಟಿರುವುದರಿಂದ ಅದನ್ನು ಹಿಡಿಯುವುದಾಗಲಿ ಸಾಕುವುದಾಗಲಿ ಅಪರಾಧವಾಗುತ್ತದೆ. ಇಲ್ಲಿ ಹೇಳುವ ಗೂಡು ಬಿಲವಾಸಿಯಾದ ಸಾಕುಮೊಲಕ್ಕೆ ಮಾತ್ರ ಸಂಬಂಧಿಸಿದ್ದು.

ಬಿಲದ ಗುಣಗಳನ್ನು ಗಮನಿಸಿದರೆ ಗೂಡಿನ ಲಕ್ಷಣಗಳೂ ತಾವಾಗಿ ಹೊಳೆಯುತ್ತವೆ. ಬಿಲದೊಳಗೆ ಹಗಲಿನಲ್ಲಿಯೂ ತಂಪಿರುತ್ತದೆ, ಮಬ್ಬಿರುತ್ತದೆ, ನೆಲ ಒಣಗಿರುತ್ತದೆ, ಮತ್ತು ಶತ್ರು ಒಂದು ಬಾಯಿಯಿಂದ ಬಂದರೆ ಪಾರಾಗಲು ಇನ್ನೊಂದು ಬಾಯಿ ಇರುತ್ತದೆ. ಮೊಲವು ಹಗಲಿನ ಬಹುಭಾಗವನ್ನು ಅಲ್ಲಿ ಒರಗಿ ಕಳೆದು, ಮುಂಜಾನೆ ಮತ್ತು ಮುಸ್ಸಂಜೆಯ ಮಬ್ಬುಬೆಳಕಿನಲ್ಲಿ ಹೊರಬಂದು ಮೇಯುತ್ತದೆ, ಓಡುತ್ತದೆ. ಆದ್ದರಿಂದ ಒಳ್ಳೆಯ ಗೂಡಿನಲ್ಲಿ ಅಡಗುವುದಕ್ಕೊಂದು ಇಕ್ಕಟ್ಟಾದ ಎಡೆಯೂ ಓಡುವುದಕ್ಕೊಂದು ವಿಶಾಲವಾದ ಬಯಲೂ ಒಂದಕ್ಕೊಂದು ಸೇರಿದಂತಿರಬೇಕು.

ಮೊಲದ ದೇಹದ ಸಹಜ ಉಷ್ಣತೆ ಸುಮಾರು 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಅದು ಮನುಷ್ಯರಂತೆ ಬೆವರಿ ತಣಿಯಲಾರದು, ನಾಯಿಯಂತೆ ಏದುಸಿರಿನಿಂದ ಸಾಕಷ್ಟು ತಣಿಯಲೂ ಆರದು. ಮುಖ್ಯವಾಗಿ ತೆಳುವಾದ ಕಿವಿಗಳ ರಕ್ತನಾಳಗಳ ಮೂಲಕ ಶಾಖವನ್ನು ಹೊರಬಿಡುತ್ತದೆ. ಅದಕ್ಕೆ ಹಿತವಾದ ಉಷ್ಣಾಂಶ ಸುಮಾರು 15ರಿಂದ 21 ಡಿಗ್ರಿ. 30 ಡಿಗ್ರಿಯನ್ನು ಮೀರಿದಂತೆ ಅದು ಬಳಲತೊಡಗುತ್ತದೆ. ಇನ್ನು ನಾಯಿ ಬೆಕ್ಕುಗಳ ಪಾದದಲ್ಲಿರುವ ಮೆತ್ತೆಯಂಥ ಚರ್ಮ ಮೊಲದ ಪಾದದಲ್ಲಿಲ್ಲ, ಒತ್ತಾದ ರೋಮವಷ್ಟೇ ಇದೆ. ಬರಿಯ ತಂತಿಯ ನೆಲದ ಮೇಲೆ ಬಹುಕಾಲ ನಿಂತರೆ ಆ ರೋಮ ಸವೆದು ಹಿಂಗಾಲಿನ ಹಿಮ್ಮಡಿ ಹುಣ್ಣಾಗುತ್ತದೆ. ಹಲ್ಲುಗಳು ಬದುಕಿನುದ್ದಕ್ಕೂ ಬೆಳೆಯುತ್ತಲೇ ಇರುವುದರಿಂದ ಕಡಿಯುವುದು ಮೊಲಕ್ಕೆ ಅನಿವಾರ್ಯ, ಮತ್ತು ಗೂಡಿನ ಯಾವ ಅಂಚು ಬಾಯಿಗೆ ಸಿಕ್ಕರೂ ಅದು ಕಡಿಯಲ್ಪಡುತ್ತದೆ.

ಊರಿನ ಹವೆ ಹೇಳುವುದೇನು

ಚೆನ್ನೈಯಲ್ಲಿ ಜನವರಿಯ ರಾತ್ರಿಗಳ ಸರಾಸರಿ ಕನಿಷ್ಠ ಉಷ್ಣಾಂಶವೇ ಸುಮಾರು 21 ಡಿಗ್ರಿ. ಎಂದರೆ, ನಗರದ ಅತಿ ತಂಪಾದ ತಿಂಗಳ ಸಾಮಾನ್ಯ ಇರುಳೇ ಮೊಲದ ಹಿತದ ಮೇಲಿನ ಅಂಚಿನಲ್ಲಿದೆ. ವರ್ಷದ ಉಳಿದ ಕಾಲವೆಲ್ಲ ಆ ಅಂಚಿನಾಚೆಗೆ ಬೀಳುತ್ತದೆ. ಮೇ ತಿಂಗಳ ಮೊದಲ ವಾರದಿಂದ ಕೊನೆಯ ವಾರದವರೆಗಿನ ಅವಧಿಯನ್ನು ತಮಿಳರು ಅಗ್ನಿ ನಕ್ಷತ್ರವೆಂದೂ ಕತ್ತರಿ ಬಿಸಿಲೆಂದೂ ಕರೆಯುತ್ತಾರೆ. ಆಗ 40 ಡಿಗ್ರಿ ದಾಟುವ ದಿನಗಳು ಅಪರೂಪವಲ್ಲ, 2003ರ ಮೇ 31ರಂದು ಉಷ್ಣಾಂಶ 45 ಡಿಗ್ರಿಯನ್ನು ಮುಟ್ಟಿತ್ತು. ತಮಿಳುನಾಡಿನಲ್ಲಿ ಮೊಲಗಳ ತಳಿಸಂವರ್ಧನೆಗೆ ಹೆಸರಾದ ಕೇಂದ್ರಗಳು ಬೆಟ್ಟದ ಮೇಲಿರುವುದು, ಅಂದರೆ ಕೊಡೈಕನಾಲ್ ಬಳಿಯ ಮನ್ನವನೂರಿನಲ್ಲಿ ಮತ್ತು ನೀಲಗಿರಿಯ ಸ್ಯಾಂಡಿನಲ್ಲಾದಲ್ಲಿ ಇರುವುದು, ಈ ಹಿನ್ನೆಲೆಯಲ್ಲಿ ಸಹಜವಾಗಿಯೇ ಕಾಣುತ್ತದೆ.

ಹವೆಯ ಇನ್ನೊಂದು ಮುಖ ತೇವಾಂಶ. ಗೋಣಿತಾಟನ್ನು ನೆನೆಸಿ ಗೂಡಿನ ಮೇಲೆ ಇಳಿಬಿಡಬೇಕೆಂಬ ಸಲಹೆ ಒಣಹವೆಯ ಒಳನಾಡಿಗೆ ಒಪ್ಪುತ್ತದೆ, ಏಕೆಂದರೆ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ನೀರು ಬೇಗನೆ ಆವಿಯಾಗದೆ, ತಂಪು ಹುಟ್ಟುವ ಬದಲು ಸೆಖೆಯೇ ಹೆಚ್ಚುತ್ತದೆ. ಚೆನ್ನೈಯಲ್ಲಿ ಬೇಸಿಗೆಯ ಮಧ್ಯಾಹ್ನ ಪಶ್ಚಿಮದ ಒಣಗಾಳಿ ಬೀಸುತ್ತಿರುವವರೆಗೆ ಒದ್ದೆ ಬಟ್ಟೆಯಿಂದ ಪ್ರಯೋಜನವಿದೆ; ಕಡಲ ಗಾಳಿ ಒಳಬಂದ ಮೇಲೆ ಅದನ್ನು ತೆಗೆದು ಗಾಳಿಗೆ ದಾರಿ ಬಿಡುವುದೇ ಮೇಲು. ಕಡಲ ಗಾಳಿ ಸಾಮಾನ್ಯವಾಗಿ ಪೂರ್ವ ಅಥವಾ ಆಗ್ನೇಯದಿಂದ ಬರುತ್ತದೆ. ವರ್ಷಕ್ಕೆ ಬೀಳುವ ಸುಮಾರು 1400 ಮಿಲಿಮೀಟರ್ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಹಿಂಗಾರಿನದು, ಅದು ಇರಚಲಾಗಿ ಹೊಡೆಯುವುದೂ ಬಹುಮಟ್ಟಿಗೆ ಈಶಾನ್ಯ ದಿಕ್ಕಿನಿಂದಲೇ.

ಪ್ರಾಣಿಯ ದೇಹವನ್ನೂ ಊರಿನ ಹವೆಯನ್ನೂ ಕೂಡಿಸಿ ನೋಡಿದರೆ ಒಂದು ನಿರ್ಣಯ ಸ್ಪಷ್ಟವಾಗುತ್ತದೆ: ಚೆನ್ನೈಯಲ್ಲಿ ವರ್ಷವಿಡೀ ಬಯಲಿನಲ್ಲೇ ಇರುವ ಸ್ಥಿರವಾದ ಗೂಡು ಮೊಲಕ್ಕೆ ಸುರಕ್ಷಿತವಲ್ಲ. ಹಗಲಿನಲ್ಲಿ ಮನೆಯ ಅತಿ ತಂಪಾದ ಕೋಣೆಯಲ್ಲಿಯೂ, ಬಿಸಿಲಿಳಿದ ಮೇಲೆ ಬಾಲ್ಕನಿ ಅಥವಾ ಅಂಗಳದಲ್ಲಿಯೂ ನಿಲ್ಲಿಸಬಹುದಾದ, ಬಿಚ್ಚಿ ಜೋಡಿಸಬಹುದಾದ ಚೌಕಟ್ಟುಗಳ ಗೂಡೇ ಇಲ್ಲಿಗೆ ತಕ್ಕದ್ದು.

ಜಾಗದ ಆಯ್ಕೆ

ಬಹುಮಹಡಿ ಕಟ್ಟಡದ ಮೇಲಂತಸ್ತಿನ ಮನೆಗಳಲ್ಲಿ ತಾರಸಿಯ ಕಾಂಕ್ರೀಟು ಹಗಲೆಲ್ಲ ಕಾದು, ರಾತ್ರಿ ಬಹಳ ಹೊತ್ತಿನವರೆಗೆ ಆ ಕಾವನ್ನು ಕೆಳಗಿನ ಕೋಣೆಗಳಿಗೆ ಬಿಡುತ್ತದೆ. ಅಂಥ ಮನೆಗಳಲ್ಲಿ ಮೊಲದ ಹಗಲಿನ ನೆಲೆ ಉತ್ತರ ಅಥವಾ ಪೂರ್ವದ ಕೋಣೆಯಲ್ಲಿರಬೇಕು. ಪಶ್ಚಿಮದ ಬಾಲ್ಕನಿ ಮಧ್ಯಾಹ್ನದ ಇಳಿಬಿಸಿಲನ್ನು ನೇರವಾಗಿ ಕುಡಿಯುವುದರಿಂದ ಅದನ್ನು ಪೂರ್ತಿಯಾಗಿ ಬಿಟ್ಟುಬಿಡಬೇಕು. ಅಂಗಳವಿರುವ ಮನೆಗಳಲ್ಲಿ ಹೊಂಗೆ, ಮಾವು, ಬೇವಿನಂಥ ಮರದ ನೆರಳು ಯಾವ ಚಾವಣಿಗಿಂತಲೂ ಮೇಲು, ಏಕೆಂದರೆ ಎಲೆಗಳ ನೆರಳು ತಗಡಿನಂತೆ ಕಾದು ಕೆಳಗೆ ಶಾಖ ಸುರಿಯುವುದಿಲ್ಲ. ವೇಳಚ್ಚೇರಿಯಂಥ ತಗ್ಗು ಬಡಾವಣೆಗಳ ನೆಲಮಹಡಿಯಲ್ಲಿ 2015ರ ಡಿಸೆಂಬರಿನ ನೆರೆ ಮತ್ತು 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ಅನುಭವವನ್ನು ನೆನಪಿನಲ್ಲಿಟ್ಟುಕೊಂಡು, ಗೂಡನ್ನು ಎತ್ತಿ ಮೇಲಕ್ಕೆ ಒಯ್ಯುವ ದಾರಿಯನ್ನು ಮೊದಲೇ ಯೋಚಿಸಿರಬೇಕು.

ಕೈಗೆಟುಕುವ ದೂರದಲ್ಲಿರುವ ಕುಂಡಗಳನ್ನೂ ಇದೇ ಹಂತದಲ್ಲಿ ಪರಿಶೀಲಿಸಬೇಕು. ಕಣಗಿಲೆ, ಎಕ್ಕ, ಲಂಟಾನ, ಮನಿ ಪ್ಲಾಂಟ್ ಮೊದಲಾದವು ಮೊಲಕ್ಕೆ ವಿಷಕಾರಿಯಾದವು. ಜಾಲರಿಯ ಕಣ್ಣಿನೊಳಗೆ ತೂರಿಬಂದ ಒಂದು ಎಲೆಯೂ ಅಪಾಯ ತರಬಲ್ಲದು.

ಅಳತೆ

ಅಂಗಡಿಗಳಲ್ಲಿ ಮೊಲದ ಗೂಡೆಂದು ಮಾರುವ ತಂತಿಯ ಪಂಜರಗಳಲ್ಲಿ ಹೆಚ್ಚಿನವು ಮಾಂಸಕ್ಕಾಗಿ ಮೊಲ ಸಾಕುವ ಕೇಂದ್ರಗಳ ಮಾದರಿಯವು. ಕೆಲವು ತಿಂಗಳು ಮಾತ್ರ ಬದುಕುವ ಪ್ರಾಣಿಯನ್ನು ಕಡಿಮೆ ಜಾಗದಲ್ಲಿ, ಕಡಿಮೆ ದುಡಿಮೆಯಿಂದ ಬೆಳೆಸುವುದು ಅವುಗಳ ಉದ್ದೇಶ. ಮನೆಯಲ್ಲಿ 8ರಿಂದ 12 ವರ್ಷ ಬಾಳಬಲ್ಲ ಮೊಲಕ್ಕೆ ಆ ಅಳತೆ ಸಲ್ಲದು. ಬ್ರಿಟನ್ನಿನ ಮೊಲ ಕಲ್ಯಾಣ ಸಂಸ್ಥೆಯಾದ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಒಂದು ಜೋಡಿ ಮೊಲಗಳಿಗೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ ಮತ್ತು 1 ಮೀಟರ್ ಎತ್ತರದ ಎಡೆಯನ್ನು ಸೂಚಿಸುತ್ತದೆ. ಮೊಲವು ಒಂದೇ ಓಟದಲ್ಲಿ ಮೂರು ನಾಲ್ಕು ನೆಗೆತ ನೆಗೆಯುವಷ್ಟು ಉದ್ದವೂ, ಹಿಂಗಾಲ ಮೇಲೆ ನಿಂತಾಗ ಕಿವಿ ತಾಗದಷ್ಟು ಎತ್ತರವೂ ಇರಬೇಕೆಂಬುದು ಈ ಅಳತೆಯ ಹಿಂದಿನ ತರ್ಕ.

ಈ ಅಳತೆಯನ್ನು ಚೌಕಟ್ಟುಗಳಾಗಿ ಒಡೆದರೆ ಎಂಟು ತುಂಡುಗಳಾಗುತ್ತವೆ: 5 ಅಡಿ ಉದ್ದದ ನಾಲ್ಕು ಮತ್ತು 3 ಅಡಿ 3 ಅಂಗುಲ ಉದ್ದದ ನಾಲ್ಕು, ಎಲ್ಲವೂ 4 ಅಡಿ ಎತ್ತರದವು. ಎಂಟನ್ನೂ ಸೇರಿಸಿದರೆ 10 ಅಡಿ ಉದ್ದ, ಆರೂವರೆ ಅಡಿ ಅಗಲದ ಆವರಣವಾಗುತ್ತದೆ. 5 ಅಡಿಯ ಎರಡು ತುಂಡುಗಳನ್ನು ತೆಗೆದು ಉಳಿದ ಆರನ್ನು ಜೋಡಿಸಿದರೆ ಉದ್ದ 5 ಅಡಿಗೆ ಇಳಿದು, ಕೋಣೆಯ ಒಂದು ಮೂಲೆಯಲ್ಲಿ ಹಿಡಿಯುವಂತಾಗುತ್ತದೆ. ಮೊಲವು ಹಗಲಿನಲ್ಲಿ ಒರಗಿರುವ ಪ್ರಾಣಿಯಾದ್ದರಿಂದ ಆ ಹೊತ್ತಿಗೆ ಕಿರಿದಾದ ಜೋಡಣೆ ಸಾಕು. ಸಂಜೆ ಐದರ ಬಳಿಕ ಮತ್ತು ಬೆಳಗಿನ ಜಾವ ಪೂರ್ಣ ಆವರಣವನ್ನಾಗಲಿ, ಬಾಗಿಲು ಮುಚ್ಚಿದ ಕೋಣೆಯನ್ನಾಗಲಿ ಅದಕ್ಕೆ ಬಿಟ್ಟುಕೊಡಬೇಕು.

ಸಾಮಗ್ರಿ

ಜಾಲರಿಯಲ್ಲಿ ಎರಡು ಬಗೆ ಸಾಮಾನ್ಯ. ತಂತಿಯನ್ನು ಹೆಣೆದು ಆರು ಮೂಲೆಯ ಕಣ್ಣು ಮಾಡಿರುವ ಕೋಳಿ ಜಾಲರಿ ಅಗ್ಗವಾದರೂ ನಾಯಿ ಬೆಕ್ಕುಗಳ ಎಳೆತಕ್ಕೆ ನಿಲ್ಲುವುದಿಲ್ಲ. ತಂತಿಗಳು ಸಂಧಿಸುವಲ್ಲೆಲ್ಲ ಬೆಸುಗೆ ಹಾಕಿರುವ ವೆಲ್ಡ್ ಮೆಶ್ ಬಳಸಬೇಕು. ಅದರ ಕಣ್ಣು ಅರ್ಧ ಅಂಗುಲವನ್ನು ಮೀರಬಾರದು, ಏಕೆಂದರೆ ಅದಕ್ಕಿಂತ ದೊಡ್ಡ ಕಣ್ಣಿನಲ್ಲಿ ಇಲಿಗಳು ನುಸುಳುತ್ತವೆ. ತಂತಿ 16 ಗೇಜ್ ಅಥವಾ ಅದಕ್ಕಿಂತ ದಪ್ಪವಿರಬೇಕು (ಗೇಜ್ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ). ತುಕ್ಕು ತಡೆಯಲು ಸತುವಿನ ಲೇಪ ಕೊಟ್ಟಿರುವ ಹೊಸ ಜಾಲರಿಯಲ್ಲಿ ಸತುವಿನ ಸಡಿಲ ಚೂರುಗಳು ಉಳಿದಿರುತ್ತವೆ, ಅವು ಮೊಲದ ಹೊಟ್ಟೆ ಸೇರಿದರೆ ವಿಷವಾಗುತ್ತವೆ. ಆದ್ದರಿಂದ ಜಾಲರಿಯನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ಬ್ರಷ್ಷಿನಿಂದ ತಿಕ್ಕಿ ತೊಳೆದು, ಬಿಸಿಲಿನಲ್ಲಿ ಒಣಗಿಸಿಯೇ ಬಳಸಬೇಕು. ಬೆಸೆಂಟ್ ನಗರ, ತಿರುವಾನ್ಮಿಯೂರುಗಳಂಥ ಕಡಲಂಚಿನಲ್ಲಿ ಉಪ್ಪುಗಾಳಿ ಈ ಲೇಪವನ್ನೂ ಬೇಗ ತಿಂದುಹಾಕುವುದರಿಂದ, ಶಕ್ತಿಯಿರುವವರು ಸ್ಟೇನ್‌ಲೆಸ್ ಸ್ಟೀಲಿನ ಜಾಲರಿ ಕೊಳ್ಳುವುದು ಕೊನೆಗೆ ಲಾಭದ ಮಾತು.

ಚೌಕಟ್ಟಿಗೆ 2 ಅಂಗುಲ ಅಗಲ, ಒಂದೂವರೆ ಅಂಗುಲ ದಪ್ಪದ ರೀಪು ಸಾಕು. ಬಂದರು ನಗರವಾದ ಚೆನ್ನೈಯಲ್ಲಿ ಹಡಗಿನ ಸರಕಿನೊಂದಿಗೆ ಬಂದ ಪೈನ್ ಮರದ ಹಳೆಯ ಪ್ಯಾಕಿಂಗ್ ಹಲಗೆಗಳು ಅಗ್ಗವಾಗಿ ದೊರೆಯುತ್ತವೆ. ಅಂತರರಾಷ್ಟ್ರೀಯ ನಿಯಮದಂತೆ ಇವುಗಳ ಮೇಲೆ ಒತ್ತಿರುವ ಮುದ್ರೆಯಲ್ಲಿ ‘ಎಚ್‌ಟಿ’ ಎಂಬ ಇಂಗ್ಲಿಷ್ ಅಕ್ಷರಗಳಿದ್ದರೆ ಮರವನ್ನು ಶಾಖದಿಂದ ಸಂಸ್ಕರಿಸಲಾಗಿದೆ ಎಂದರ್ಥ. ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಿದ್ದೆಂದು ತಿಳಿದು ಅದನ್ನು ಬಿಡಬೇಕು. ಮುದ್ರೆಯೇ ಇಲ್ಲದ ಹಲಗೆಯನ್ನೂ, ಗೆದ್ದಲಿನ ಔಷಧ ಬಳಿದ ಮರವನ್ನೂ, ಅಂಟಿನ ಪದರಗಳಿರುವ ಪ್ಲೈವುಡ್ಡನ್ನೂ ಹಲ್ಲಿಗೆ ಸಿಗುವ ಕಡೆ ಬಳಸಬಾರದು.

ಜಾರ್ಜ್ ಟೌನ್‌ನ ಪ್ಯಾರಿಸ್ ಕಾರ್ನರ್ ಸುತ್ತಲಿನ ಬೀದಿಗಳಲ್ಲಿ ಜಾಲರಿ, ಕೀಲು, ಚಿಲಕಗಳೆಲ್ಲ ಸಗಟಾಗಿ ಸಿಗುತ್ತವೆ. ತಮಿಳು ಬಲ್ಲವರಲ್ಲದ ಕನ್ನಡಿಗರು ತಂತಿ ಜಾಲರಿಯನ್ನು ‘ಕಂಬಿ ವಲೈ’ ಎಂದೂ, ಭತ್ತದ ಹುಲ್ಲನ್ನು ‘ವೈಕ್ಕೋಲ್’ ಎಂದೂ, ಹೆಣೆದ ತೆಂಗಿನ ಗರಿಯನ್ನು ‘ಕೀತ್ತು’ ಎಂದೂ ಕೇಳಿದರೆ ಅಂಗಡಿಯವರಿಗೆ ತಿಳಿಯುತ್ತದೆ. ಮೊಲಕ್ಕೆ ಅಲ್ಲಿನ ಮಾತು ‘ಮುಯಲ್’.

ಕಟ್ಟುವ ಕ್ರಮ

ಮೊದಲು ರೀಪುಗಳನ್ನು ಅಳತೆಗೆ ಕೊಯ್ದು, ಮೂಲೆಗಳನ್ನು ಅರ್ಧರ್ಧ ಕೆತ್ತಿ ಒಂದರೊಳಗೊಂದು ಕೂರಿಸಿ, ಮೊಳೆಯ ಬದಲು ತಿರುಪಿನಿಂದ ಬಿಗಿಯಬೇಕು. ತೇವದ ಹವೆಯಲ್ಲಿ ಮರ ಉಬ್ಬಿ ಕುಗ್ಗುವಾಗ ಮೊಳೆ ಸಡಿಲವಾಗುತ್ತದೆ, ತಿರುಪನ್ನಾದರೆ ಮತ್ತೆ ಬಿಗಿಯಬಹುದು. 5 ಅಡಿಯ ಚೌಕಟ್ಟುಗಳಿಗೆ ನಡುವೆ ಒಂದು ನಿಲುವು ಪಟ್ಟಿ ಕೊಟ್ಟರೆ ಜಾಲರಿ ಜೋಲುವುದಿಲ್ಲ.

ಎರಡನೆಯದಾಗಿ, ಜಾಲರಿಯನ್ನು ಚೌಕಟ್ಟಿನ ಒಳಮುಖಕ್ಕೆ, ಎಂದರೆ ಮೊಲವಿರುವ ಕಡೆಗೆ, ಹೊಡೆಯಬೇಕು. ಹೀಗೆ ಮಾಡಿದರೆ ಮರದ ಅಂಚು ಹಲ್ಲಿಗೆ ಸಿಗದು. ಕತ್ತರಿಸಿದ ತಂತಿಯ ತುದಿಗಳನ್ನು ಹೊರಕ್ಕೆ ಮಡಚಿ, ಅವುಗಳ ಮೇಲೆ ತೆಳುವಾದ ಮರದ ಪಟ್ಟಿಯೊಂದನ್ನು ಒತ್ತಿ ಹೊಡೆಯಬೇಕು. ಜಾಲರಿಯ ಸುರುಳಿ 4 ಅಡಿ ಅಗಲದಲ್ಲಿ ದೊರೆಯುವುದರಿಂದ ಎತ್ತರದಲ್ಲಿ ಕತ್ತರಿಸುವ ಕೆಲಸವೇ ಬೀಳದು.

ಮೂರನೆಯದಾಗಿ, ಚೌಕಟ್ಟುಗಳನ್ನು ಸರಳು ಎಳೆದರೆ ಬಿಡುವ ಕೀಲುಗಳಿಂದಲೋ, ಕೈಯಿಂದಲೇ ತಿರುಗಿಸಬಹುದಾದ ಬೋಲ್ಟುಗಳಿಂದಲೋ ಜೋಡಿಸಬೇಕು. ಚಿಕ್ಕ ಚೌಕಟ್ಟುಗಳಲ್ಲಿ ಒಂದನ್ನು ಬಾಗಿಲಾಗಿ ಮಾಡಿ, ಮೇಲೊಂದು ಕೆಳಗೊಂದು ಚಿಲಕ ಇಡಬೇಕು; ಮನುಷ್ಯರು ಬಗ್ಗಿ ಒಳಹೋಗುವಷ್ಟು ಬಾಗಿಲಿದ್ದರೆ ಮಾತ್ರ ಶುಚಿಯ ಕೆಲಸ ದಿನವೂ ನಡೆಯುತ್ತದೆ. ಬಯಲಿನಲ್ಲಿ ನಿಲ್ಲಿಸುವ ಗೂಡಿಗೆ ಹದ್ದು, ಕಾಗೆ, ಬೆಕ್ಕುಗಳ ಕಾರಣದಿಂದ ಮೇಲ್ಮುಚ್ಚಳವೂ ಜಾಲರಿಯದೇ ಬೇಕು. ಮಣ್ಣಿನ ನೆಲವಾಗಿದ್ದರೆ ಒಳಗಿನಿಂದ ಮೊಲವೂ ಹೊರಗಿನಿಂದ ಹೆಗ್ಗಣವೂ ತೋಡುವುದರಿಂದ, ನೆಲದ ಕೆಳಗೂ ಜಾಲರಿ ಹಾಸಿ, ಅದನ್ನು ಸುತ್ತಲೂ ಒಂದು ಅಡಿ ಹೊರಚಾಚಿ, ಮೇಲೆ ಮಣ್ಣು ಮುಚ್ಚಬೇಕು.

ನಾಲ್ಕನೆಯದು ಬಿಲಕ್ಕೆ ಬದಲಾದ ಅಡಗುಪೆಟ್ಟಿಗೆ. 24 ಅಂಗುಲ ಉದ್ದ, 16 ಅಂಗುಲ ಅಗಲ, 14 ಅಂಗುಲ ಎತ್ತರದ, ತಳವಿಲ್ಲದ ಮರದ ಪೆಟ್ಟಿಗೆಗೆ ಎರಡು ಎದುರು ಬದಿಗಳಲ್ಲಿ 7 ಅಂಗುಲದ ದಾರಿಗಳನ್ನು ಬಿಡಬೇಕು. ಎರಡು ದಾರಿಗಳಿಂದ ಗಾಳಿಯೂ ಹಾಯುತ್ತದೆ, ಹೆದರಿದ ಮೊಲಕ್ಕೆ ಸಿಕ್ಕಿಬಿದ್ದೆನೆಂಬ ಭಯವೂ ಇರುವುದಿಲ್ಲ. ಪೆಟ್ಟಿಗೆಯ ಮೇಲ್ಭಾಗ ಚಪ್ಪಟೆಯಾಗಿದ್ದರೆ ಮೊಲ ಅದರ ಮೇಲೇರಿ ಕುಳಿತು ಸುತ್ತ ನೋಡುತ್ತದೆ. 5 ಕಿಲೋ ತೂಗುವ ದೊಡ್ಡ ತಳಿಗಳಿಗೆ ಈ ಅಳತೆಗಳನ್ನು ಹಿಗ್ಗಿಸಿಕೊಳ್ಳಬೇಕು.

ಐದನೆಯದು ಚಾವಣಿ. ಅಂಗಳದ ಗೂಡಿಗೆ ಒಂದೇ ಪದರದ ತಗಡು ಹೊದಿಸಬಾರದು. ಎರಡು ಪದರಗಳ ನಡುವೆ ಸುಮಾರು 6 ಅಂಗುಲ ತೆರವು ಬಿಟ್ಟರೆ ಮೇಲಿನ ಪದರದ ಕಾವನ್ನು ನಡುವೆ ಹಾಯುವ ಗಾಳಿಯೇ ಹೊತ್ತೊಯ್ಯುತ್ತದೆ. ಮೇಲಿನ ಪದರಕ್ಕೆ ಬಿಳಿಯ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಿರುಗುತ್ತದೆ. ತೆಂಗಿನ ಗರಿಯ ಹೊದಿಕೆ ತಂಪಿಗೆ ಹೇಳಿಮಾಡಿಸಿದ್ದಾದರೂ ದೀಪಾವಳಿಯ ಪಟಾಕಿಯ ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆಂಬುದನ್ನು ಮರೆಯಬಾರದು. ಪೂರ್ವ ಮತ್ತು ಆಗ್ನೇಯದ ಬದಿಗಳನ್ನು ಕಡಲ ಗಾಳಿಗೆ ತೆರೆದಿಟ್ಟು, ಆ ಕಡೆಗಳಲ್ಲಿ ಸೂರನ್ನು 2 ಅಡಿ ಚಾಚಿ, ಮಳೆಯ ಇರಚಲಿಗೆ ಇಳಿಬಿಡಲು ಸುರುಳಿ ಪರದೆ ಕಟ್ಟಬೇಕು. ಪಶ್ಚಿಮದ ಬದಿಯನ್ನು ಗಟ್ಟಿಯಾಗಿ ಮುಚ್ಚಬೇಕು.

ನೆಲಹಾಸು ಮತ್ತು ಮಲಮೂತ್ರದ ತಟ್ಟೆ

ಇಂದಿನ ಮನೆಗಳ ನುಣುಪಾದ ಟೈಲ್ಸ್ ಮೇಲೆ ಮೊಲದ ಕಾಲು ಜಾರುತ್ತದೆ. ಬಣ್ಣ ಹಾಕದ ಕೋರೆಹುಲ್ಲಿನ ಚಾಪೆ ಇದಕ್ಕೆ ಒಳ್ಳೆಯ ಪರಿಹಾರ, ಕಡಿದರೂ ಹಾನಿಯಿಲ್ಲ. ಗೋಣಿತಾಟಿನ ಎಳೆಗಳು ಉಗುರಿಗೆ ಸುತ್ತಿಕೊಳ್ಳುತ್ತವೆ, ಪ್ಲಾಸ್ಟಿಕ್ ಚಾಪೆಯ ಚೂರುಗಳು ಕರುಳಿನಲ್ಲಿ ಸಿಲುಕುತ್ತವೆ. ನೆಲದ ಒಂದು ಭಾಗವನ್ನು ಹಾಸಿಲ್ಲದೆ ಬಿಟ್ಟರೆ ಸೆಖೆಯ ಹೊತ್ತಿನಲ್ಲಿ ಮೊಲ ಅಲ್ಲಿ ಹೊಟ್ಟೆಯೂರಿ ತಣಿಯುತ್ತದೆ.

ಮೊಲವು ಸಾಮಾನ್ಯವಾಗಿ ಒಂದೇ ಮೂಲೆಯಲ್ಲಿ ಮೂತ್ರ ಮಾಡುವುದರಿಂದ ಅದಕ್ಕೆ ತಟ್ಟೆಯ ಅಭ್ಯಾಸ ಮಾಡಿಸುವುದು ಕಷ್ಟವಲ್ಲ. ಅದು ಆಯ್ದುಕೊಂಡ ಮೂಲೆಯಲ್ಲಿಯೇ 4 ಅಂಗುಲ ಆಳದ ಅಗಲವಾದ ತಟ್ಟೆಯನ್ನಿಟ್ಟು, ತಳದಲ್ಲಿ ಹಳೆಯ ಪತ್ರಿಕೆ, ಮೇಲೆ ಭತ್ತದ ಹುಲ್ಲು ಹಾಸಿ, ತಿನ್ನುವ ಹುಲ್ಲಿನ ಗೂಡೆಯನ್ನು ಅದರ ಮಗ್ಗುಲಲ್ಲೇ ತೂಗಿದರೆ, ತಿನ್ನುತ್ತ ವಿಸರ್ಜಿಸುವ ಸ್ವಭಾವದ ಈ ಪ್ರಾಣಿ ಬೇಗ ಕಲಿಯುತ್ತದೆ. ನೀರು ತಾಗಿದರೆ ಗಟ್ಟಿಯಾಗುವ ಬೆಕ್ಕಿನ ಮರಳನ್ನು ಬಳಸಬಾರದು, ಹೊಟ್ಟೆ ಸೇರಿದರೆ ಅದು ಅಲ್ಲಿಯೂ ಗಟ್ಟಿಯಾಗುತ್ತದೆ. ಮೂತ್ರ ಕೊಳೆತಾಗ ಏಳುವ ಅಮೋನಿಯಾ ಮೊಲದ ಮೂಗು ಮತ್ತು ಶ್ವಾಸಕೋಶಗಳನ್ನು ಕೆಡಿಸುತ್ತದೆ. ಒದ್ದೆಯಾದ ರೋಮದಲ್ಲಿ ನೊಣ ಮೊಟ್ಟೆಯಿಟ್ಟು ಹುಳುವಾದರೆ ಪ್ರಾಣಾಪಾಯ. ಆದ್ದರಿಂದ ತಟ್ಟೆಯನ್ನು ದಿನವೂ ಬದಲಿಸಬೇಕು. ಮೂತ್ರದ ಸುಣ್ಣದ ಅಂಶ ಬಿಳಿಯ ಪೊರೆಯಾಗಿ ಅಂಟಿದಾಗ ವಿನಿಗರ್ ಹಾಕಿದರೆ ಕರಗುತ್ತದೆ.

ಬೇಸಿಗೆಯ ಏರ್ಪಾಡು

ಮಾರ್ಚಿನಿಂದ ಜೂನ್‌ವರೆಗೆ ಗೂಡಿನಲ್ಲಿ ಒಂದು ಕಡಪಾ ಕಲ್ಲಿನ ಚಪ್ಪಡಿ ಅಥವಾ ದಪ್ಪ ಟೈಲ್ಸ್ ಇರಬೇಕು. ಕಲ್ಲು ದೇಹದ ಶಾಖವನ್ನು ಎಳೆದುಕೊಳ್ಳುತ್ತದೆ. ಬಾಟಲಿಯಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪೆಟ್ಟಿಗೆಯ ಬಳಿ ಇಡುವುದು ತೇವಾಂಶ ಹೆಚ್ಚಿಸದೆ ತಂಪು ಕೊಡುವ ಉಪಾಯ, ವಿದ್ಯುತ್ ಹೋದಾಗ ಕೈಹಿಡಿಯುವುದೂ ಅದೇ. ಫ್ಯಾನಿನ ವೈರು ಹಲ್ಲಿಗೆ ಸಿಗದಂತೆ ಗೂಡಿನಾಚೆ ಇರಬೇಕು. ಕುಡಿಯುವ ನೀರನ್ನು ಉರುಳದಂಥ ಭಾರವಾದ ಪಿಂಗಾಣಿ ಬಟ್ಟಲಿನಲ್ಲಿ ಇಟ್ಟು, ಹಗಲಿನಲ್ಲಿ ಎರಡು ಮೂರು ಬಾರಿ ಬದಲಿಸಬೇಕು.

ಮೊಲವು ಬಾಯಿ ತೆರೆದು ಉಸಿರಾಡಿದರೆ, ಜೊಲ್ಲು ಸುರಿಸಿದರೆ, ಕಿವಿಗಳು ಕೆಂಪಾಗಿ ಕಾದಿದ್ದರೆ, ಅದಕ್ಕೆ ಬಿಸಿಲಾಘಾತವಾಗಿದೆ ಎಂದೇ ತಿಳಿಯಬೇಕು. ತಣ್ಣೀರಿನಿಂದ (ಮಂಜಿನ ನೀರಿನಿಂದಲ್ಲ) ಕಿವಿಗಳನ್ನು ಒರೆಸುತ್ತ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು. 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯ ಕಾಲೇಜಿನ ಆಸ್ಪತ್ರೆ ವೇಪೇರಿಯಲ್ಲಿದೆ. ಮನೆಗೆ ಹತ್ತಿರದ, ಮೊಲದ ಚಿಕಿತ್ಸೆ ಬಲ್ಲ ವೈದ್ಯರು ಯಾರೆಂಬುದನ್ನು ಮೊಲ ತರುವ ಮುನ್ನವೇ ವಿಚಾರಿಸಿಟ್ಟುಕೊಳ್ಳುವುದು ವಿವೇಕ.

ಮಳೆಗಾಲದ ಏರ್ಪಾಡು

ಈಶಾನ್ಯ ಹಿಂಗಾರಿನಲ್ಲಿ ದೊಡ್ಡ ಅಪಾಯ ಬೂಷ್ಟು. ಹುಲ್ಲನ್ನು ಮುಚ್ಚಳವಿರುವ ತಗಡಿನ ಡಬ್ಬದಲ್ಲಿ ನೆಲದಿಂದ ಎತ್ತರದಲ್ಲಿಟ್ಟು, ಮುಗ್ಗಲು ವಾಸನೆ ಬಂದುದನ್ನು ಎಸೆಯಬೇಕು. ಡಬ್ಬ ಇಲಿ ಹೆಗ್ಗಣಗಳನ್ನೂ ದೂರವಿಡುತ್ತದೆ. ಸೊಳ್ಳೆಗಳ ಕಾಟಕ್ಕೆ ಜಾಲರಿಯ ಹೊರಮುಖದಲ್ಲಿ ಸೊಳ್ಳೆಪರದೆಯ ಬಟ್ಟೆ ಕಟ್ಟಿದರೆ ಸಾಕು, ಸೊಳ್ಳೆಬತ್ತಿಯ ಹೊಗೆ ಮೊಲಕ್ಕೆ ಹಿತವಲ್ಲ. ದೀಪಾವಳಿ ಇದೇ ಋತುವಿನಲ್ಲಿ ಬರುತ್ತದೆ. ಭಯದಿಂದಲೇ ಪ್ರಾಣ ಬಿಡಬಲ್ಲ ಈ ಪ್ರಾಣಿಯನ್ನು ಆ ದಿನಗಳಲ್ಲಿ ಒಳಕೋಣೆಗೆ ಒಯ್ದು, ಕಿಟಕಿ ಮುಚ್ಚಿ, ಅಡಗುಪೆಟ್ಟಿಗೆಯ ಮೇಲೆ ದಪ್ಪ ಚಾದರ ಹೊದಿಸಬೇಕು. ಚಂಡಮಾರುತದ ಮುನ್ಸೂಚನೆ ಬಂದಾಗ ಎತ್ತಿಕೊಂಡು ಹೋಗುವ ಬುಟ್ಟಿ, ನಾಲ್ಕು ದಿನದ ಹುಲ್ಲು ಮತ್ತು ಕುಡಿಯುವ ನೀರು ಒಂದೆಡೆ ಸಿದ್ಧವಾಗಿರಬೇಕು.

ಗೂಡು ಒಪ್ಪಿಸುವ ಮುನ್ನ

ಗೂಡು ಸಿದ್ಧವಾದ ಕೂಡಲೇ ಮೊಲವನ್ನು ಬಿಡದೆ, ಮೊಲದ ಮೂಗಿನ ಎತ್ತರದಲ್ಲಿ, ಎಂದರೆ ನೆಲದಿಂದ ಅರ್ಧ ಅಡಿ ಮೇಲೆ, ಒಂದು ಉಷ್ಣಮಾಪಕವನ್ನು ತೂಗಿ, ಮೂರು ದಿನ ಬೆಳಿಗ್ಗೆ, ನಡುಹಗಲು, ರಾತ್ರಿ ಓದಿ ಬರೆದಿಡಬೇಕು. ನಡುಹಗಲಿನಲ್ಲಿ 30 ಡಿಗ್ರಿ ದಾಟುವ ಎಡೆಯನ್ನು ಸಂಜೆಯ ಬಳಕೆಗಷ್ಟೇ ಮೀಸಲಿಡಬೇಕು. ಬಳಿಕ ಅಂಗೈಯನ್ನು ಜಾಲರಿಯ ಒಳಮುಖದ ಮೇಲೆಲ್ಲ ಆಡಿಸಿ ಚುಚ್ಚುವ ತುದಿಗಳನ್ನು ಹುಡುಕಬೇಕು, ಒಂದು ಕೊಡ ನೀರು ಸುರಿದು ಅದು ಎತ್ತ ಹರಿದು ಎಲ್ಲಿ ನಿಲ್ಲುತ್ತದೆಂದು ನೋಡಬೇಕು.

ಕೊನೆಯ ಪರೀಕ್ಷೆಯನ್ನು ಮೊಲವೇ ಮಾಡುತ್ತದೆ. ಬೇಟೆಯ ಪ್ರಾಣಿಯಾಗಿ ಹುಟ್ಟಿದ ಅದು ಎಚ್ಚರದಿಂದಿರುವವರೆಗೆ ನಾಲ್ಕು ಕಾಲುಗಳನ್ನೂ ಮೈಯಡಿ ಮಡಚಿ, ಓಡಲು ಸಿದ್ಧವಾಗಿಯೇ ಕುಳಿತಿರುತ್ತದೆ. ಉಸಿರು ನಿಧಾನವಾಗಿ, ಕಿವಿಗಳು ತಣ್ಣಗಿದ್ದು, ಹಿಂಗಾಲುಗಳನ್ನು ಚಾಚಿ ಪಕ್ಕಕ್ಕೆ ಉರುಳಿ ಕಣ್ಣು ಮುಚ್ಚಿದ ದಿನ, ಮರ ಮತ್ತು ತಂತಿಯ ಆ ಗೂಡನ್ನು ಅದು ತನ್ನ ಬಿಲವೆಂದು ಒಪ್ಪಿಕೊಂಡಿದೆ ಎಂದು ತಿಳಿಯಬಹುದು.